ಹುಳುಮನೆಯ ಕಾನೂನು

ಡಾಕ್ಟರು ಹೇಳಿದ್ದೆಲ್ಲ ಗಂಗರತ್ನಮ್ಮನಿಗೆ ಅರ್ಥವಾಗಿತ್ತು. ಎಡಗಡೆ ಎದೆಯಲ್ಲಿದ್ದ ನಿಂಬೆಹಣ್ಣಿನ ಗಾತ್ರದ ಗಂಟು ಕ್ಯಾನ್ಸರು. ಮೊದಲು ಡ್ರಿಪ್ಪಿನಲ್ಲಿ ನಾಲ್ಕು ಸಲ ಮದ್ದು ಹಾಕುತ್ತಾರೆ, ಮೂರು ವಾರಕ್ಕೊಂದು ಸಲ. ಗಂಟು ಕುಗ್ಗಿದ ಮೇಲೆ ಆಪರೇಷನ್ನು, ಆಮೇಲೆ ಉಳಿದ ಮದ್ದು. ಅವಳಿಗೆ ಒಪ್ಪಿಗೆಯಾಗದೇ ಹೋದದ್ದು ಒಂದೇ. ಇದನ್ನೆಲ್ಲ ಬರುವ ಸೋಮವಾರವೇ ಶುರು ಮಾಡೋಣ ಎಂದಿದ್ದರು.

“ಸೋಮವಾರ ಆಗಲ್ಲ ಸ್ವಾಮಿ. ಹುಳ ಇದೆ” ಎಂದಳು.

ಡಾಕ್ಟರು ಚಿಕ್ಕ ವಯಸ್ಸಿನವರು, ಬೇರೆ ಜಿಲ್ಲೆಯವರು, ಕೋಲಾರಕ್ಕೆ ಬಂದು ಆರು ತಿಂಗಳಾಗಿರಲಿಲ್ಲ. ಪೆನ್ನು ತೆಗೆದರು. “ಹುಳಕ್ಕೆ ಒಂದು ಮಾತ್ರೆ ಬರೀತೀನಮ್ಮ. ಅದೇನು ದೊಡ್ಡ ವಿಷಯ ಅಲ್ಲ.”

“ಅಯ್ಯೋ, ಮಾತ್ರೆ ಹಾಕಿದ್ರೆ ಸತ್ತೋಗ್ತವೆ ಸ್ವಾಮಿ! ರೇಷ್ಮೆ ಹುಳ. ನೂರು ಮೊಟ್ಟೆ, ಅಂದ್ರೆ ನಲವತ್ತು ಸಾವಿರ ಹುಳ ಮೇಯಿಸ್ತಿದೀನಿ. ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು.”

“ಜ್ವರ ಇದೆಯಾ? ಯಾರಿಗೆ?”

ಬಾಗಿಲ ಹತ್ತಿರ ನಿಂತಿದ್ದ ನರ್ಸ್ ಸುನಂದ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿದಳು. ಅವಳು ಮಾಲೂರು ತಾಲ್ಲೂಕು ಲಕ್ಕೂರಿನವಳು, ಹಿಪ್ಪುನೇರಳೆ ಸೊಪ್ಪು ಹೊತ್ತು ಬೆಳೆದವಳು. “ಹುಳು ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ ಸಾರ್. ನಾಲ್ಕು ಜ್ವರ ಎದ್ದ ಮೇಲೆ ಗೂಡು ಕಟ್ಟೋದು. ಇವರಿಗೆ ಇನ್ನೊಂದು ಹತ್ತು ದಿನ ಬೇಕು” ಎಂದು ಬಿಡಿಸಿ ಹೇಳಿದಳು.

ಹೃದಯದ ಪರೀಕ್ಷೆ, ಹಲ್ಲಿನ ತಪಾಸಣೆ ಹೇಗೂ ಆಗಬೇಕಿತ್ತು. ಡಾಕ್ಟರು ಕ್ಯಾಲೆಂಡರು ನೋಡಿ ಹನ್ನೆರಡು ದಿನ ಕೊಟ್ಟರು. “ಹದಿಮೂರನೇ ದಿನ ನೀವು ಬರ್ಲಿಲ್ಲ ಅಂದ್ರೆ ನಾನೇ ನಿಮ್ಮೂರಿಗೆ ಬರ್ತೀನಿ.”

“ಬನ್ನಿ ಸ್ವಾಮಿ. ಕಾಲು ತೊಳ್ಕೊಂಡು ಒಳಗೆ ಬರ್ಬೇಕು, ಅಷ್ಟೆ.”

ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ದೊಡ್ಡಮುನಿಯಪ್ಪ ಕೂತಿದ್ದ. ‘ಕ್ಯಾನ್ಸರ್’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನ ತಲೆಯೊಳಗೆ ಇನ್ನೊಂದು ಮಾತು ಹೋಗಿರಲಿಲ್ಲ. ಹೆಂಡತಿ ಎದ್ದಾಗ ಎದ್ದ, ನಡೆದಾಗ ನಡೆದ.

ಸುನಂದ ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಮನೆಯನ್ನು ಹೇಗೆ ಸಜ್ಜು ಮಾಡಿಕೊಳ್ಳಬೇಕೆಂದು ಹೇಳಿದಳು. ಮದ್ದು ಹಾಕಿದ ಮೇಲೆ ಮೈಯಲ್ಲಿ ರೋಗ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಅದಕ್ಕೇ ಗಾಳಿ ಬೆಳಕಿರುವ ಒಂದು ಕೋಣೆ ಬೇಕು. ಕೆಮ್ಮು, ನೆಗಡಿ ಇರುವವರು ಹತ್ತಿರ ಬರಬಾರದು. ಸೋಪು ಹಾಕಿ ಕೈ ತೊಳೆಯದೆ ಯಾರೂ ಮುಟ್ಟಬಾರದು. ಕುದಿಸಿ ಆರಿಸಿದ ನೀರು, ಬಿಸಿಬಿಸಿ ಊಟ. ಹಸಿ ತರಕಾರಿ, ಬೀದಿ ಬದಿಯ ತಿಂಡಿ ಬೇಡ. ಮನೆಯೊಳಗೆ ಹೊಗೆ ಬೇಡ.

ಗಂಗರತ್ನಮ್ಮ ಕೇಳುತ್ತಾ ಕೇಳುತ್ತಾ ಹಗುರವಾದಳು. “ಇದೆಲ್ಲ ಗೊತ್ತಿರೋದೇ ಕಣಮ್ಮ. ಮೂವತ್ತು ವರ್ಷದಿಂದ ಹುಳುಗೆ ಮಾಡ್ತಿದೀನಿ. ಬ್ಲೀಚಿಂಗ್ ಪುಡಿ ತುಳೀದೆ ನನ್ನ ಹುಳುಮನೆಗೆ ದೇವರೂ ಬರಂಗಿಲ್ಲ. ಇನ್ಮೇಲೆ ನಾನೇ ಹುಳ ಅಂದ್ಕೊಂಡ್ರಾಯ್ತು.”

“ಒಂದು ವ್ಯತ್ಯಾಸ ಇದೆ” ಎಂದು ಸುನಂದ ಒಂದು ಥರ್ಮಾಮೀಟರು ಕೈಗಿಟ್ಟಳು. “ಹುಳಕ್ಕೆ ಜ್ವರ ಬಂದ್ರೆ ಬಿಟ್ಟುಬಿಡ್ತೀರ. ನಿಮಗೆ ಬಂದ್ರೆ ಬಿಡಂಗಿಲ್ಲ. ನೂರು ದಾಟಿ ನಾಲ್ಕು ಗೆರೆ ಮೇಲೆ ಹೋಯ್ತಾ, ಕಷಾಯ ಇಲ್ಲ, ಮೆಡಿಕಲ್ ಶಾಪ್ ಮಾತ್ರೆ ಇಲ್ಲ, ನಾಳೆ ನೋಡೋಣ ಅನ್ನೋದಿಲ್ಲ. ಹೊರಟು ಬರ್ಬೇಕು. ಒಂದು ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿರಿ.”

ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ತಮ್ಮೂರಿಗೆ ಹೋಗುವ ಬೈರಕೂರಿನ ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು. ಅಲ್ಲಿಯವರೆಗೂ ತುಟಿ ಬಿಚ್ಚದಿದ್ದ ದೊಡ್ಡಮುನಿಯಪ್ಪ ಗಂಟಲು ಸರಿಮಾಡಿಕೊಂಡು, “ಒಂದು ಫೋಟೋ ತೆಗೆಸ್ಕೊಂಡು ಹೋಗೋಣ” ಎಂದ.

“ಯಾಕೆ? ಆಧಾರ್‌ಗಾ?”

“ಸುಮ್ನೆ. ಕೂದಲು ಇರೋವಾಗ.”

ಗಂಗರತ್ನಮ್ಮನಿಗೆ ಒಂದು ಗಳಿಗೆ ಮನಸ್ಸು ಕರಗಿತು. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವನು ಅವಳ ಕೂದಲಿನ ಬಗ್ಗೆ ಆಡಿದ ಮೊದಲ ಮಾತು ಅದು. ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಪರಿಚಯದ ಫೋಟೋಗ್ರಾಫರ್ ಶಿವಶಂಕರ್ ಬಾಚಣಿಗೆ, ಪೌಡರು ಕೊಟ್ಟು ಕೂರಿಸಿದ. “ಯಾವ ಸೈಜು ಯಜಮಾನ್ರೇ?”

ದೊಡ್ಡಮುನಿಯಪ್ಪ ಹೆಂಡತಿಯ ಕಡೆ ನೋಡದೆ ಎರಡೂ ಕೈ ಅಗಲಿಸಿ ತೋರಿಸಿದ. “ಇಷ್ಟು. ಗಾಜು, ಫ್ರೇಮು ಹಾಕ್ಸಿ.”

ಆ ಅಗಲವನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಅವರ ಮನೆಯ ನಡುಮನೆಯಲ್ಲಿ ಅಷ್ಟು ಅಗಲದ ಫೋಟೋ ಎರಡೇ ಇದ್ದವು, ಅತ್ತೆಯದು ಮತ್ತು ಮಾವನದು. ಎರಡಕ್ಕೂ ಪ್ಲಾಸ್ಟಿಕ್ ಹಾರ ಹಾಕಿತ್ತು.

“ಮೊಳೆನೂ ಹೊಡೆದಿಟ್ಟಿದೀಯೇನಯ್ಯಾ?” ಎಂದಳು.

“ಹಂಗಲ್ವೇ…”

“ಹೆಂಗಾದ್ರೂ ಇರ್ಲಿ. ಶಿವಶಂಕರಾ, ಇವನ್ದೂ ಒಂದು ತೆಗಿ, ಅದೇ ಸೈಜು. ಇವನಿಗೆ ಬಿ.ಪಿ. ಇದೆ, ಶುಗರ್ ಇದೆ, ದಿನಕ್ಕೊಂದು ಕಟ್ಟು ಬೀಡಿ ಬೇಕು. ಯಾರು ಮುಂದೆ ಹೋಗ್ತಾರೋ ಯಾರಿಗ್ಗೊತ್ತು.”

ಶಿವಶಂಕರ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕ್ಯಾಮೆರಾ ಹಿಂದೆ ಮುಖ ಮರೆಮಾಡಿಕೊಂಡು, “ಅಮ್ಮಾ, ಸ್ವಲ್ಪ ಗಂಭೀರವಾಗಿ ಇರಿ. ದೊಡ್ಡ ಸೈಜಲ್ಲಿ ಅದೇ ಚೆನ್ನಾಗಿ ಬರೋದು” ಎಂದ.

“ಇಲ್ಲಪ್ಪಾ, ಹಲ್ಲು ಕಾಣ್ಬೇಕು. ದಿನಾ ನೋಡಿ ಇವನು ಹೆದರ್ಕೋಬೇಕು.”

ಅವಳದಾದ ಮೇಲೆ ದೊಡ್ಡಮುನಿಯಪ್ಪನೂ ಕೂತ. ಫ್ಲ್ಯಾಶ್ ಬಿದ್ದಾಗ ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಶಿವಶಂಕರ್ ಇನ್ನೊಂದು ಸಲ ತೆಗೆಯುತ್ತೇನೆಂದರೂ ಕೇಳದೆ ಎದ್ದುಬಿಟ್ಟ. ಬಸ್ಸಿನಲ್ಲಿ ಗಂಗರತ್ನಮ್ಮ ಅವನಿಗೆ ಕಡಲೆಕಾಯಿ ಕೊಡಿಸಿದಳು. ಅದು ಬೀದಿ ಬದಿಯ ತಿಂಡಿ, ಇನ್ನು ಹನ್ನೆರಡು ದಿನವಷ್ಟೇ ಎಂದು ತಾನೂ ಅರ್ಧ ತಿಂದಳು.

ಮನೆಯಲ್ಲಿ ಸೊಸೆ ಮೌನಿಕಾ ಇದ್ದಳು. ಮಗ ಅನಿಲ್‌ಕುಮಾರ್ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ವಾರದ ರಜೆಗೆ ಬಂದು ಹೋಗುತ್ತಿದ್ದ. ಮೌನಿಕಾ ಗಡಿಯಾಚೆ ಆಂಧ್ರದ ಪುಂಗನೂರು ಕಡೆಯವಳು. ಮದುವೆಯಾಗಿ ಎರಡು ವರ್ಷವಾದರೂ ಅತ್ತೆಯ ಎದುರು ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ. ಗಂಗರತ್ನಮ್ಮ ಅವಳನ್ನು ಹುಳುಮನೆಯೊಳಗೆ ಒಂಟಿಯಾಗಿ ಬಿಟ್ಟವಳೂ ಅಲ್ಲ. ಅವಳ ಲೆಕ್ಕದಲ್ಲಿ ಸೊಸೆಯ ಕೈ ನಿಧಾನ, ಬಾಯಿ ಇಲ್ಲ, ಸೊಪ್ಪು ಹಾಕುವಾಗ ಹುಳುಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಾಳೆ.

ಕ್ಯಾನ್ಸರ್ ಸುದ್ದಿ ಕೇಳಿ ಮೌನಿಕಾ ಅಳಲಿಲ್ಲ. ಸುನಂದ ಎಲ್ಲವನ್ನೂ ಬರೆದು ಕೊಟ್ಟಿದ್ದ ಕಾಗದವನ್ನು ಇಸಿದುಕೊಂಡು ಎರಡು ಸಲ ಓದಿದಳು. ಆಮೇಲೆ, “ಅತ್ತಮ್ಮಾ, ನಡುಮನೇಲಿ ಮಲಗೋದು ಬೇಡ. ಹಿಂದಿನ ರೂಮು ಖಾಲಿ ಮಾಡ್ತೀನಿ. ಅಲ್ಲಿಂದ ಬಚ್ಚಲು ಹತ್ತು ಹೆಜ್ಜೆ” ಎಂದಳು.

“ಅಲ್ಲಿ ರಾಗಿ ಮೂಟೆ ಇದೆ.”

“ರಾಗಿಗೆ ಕ್ಯಾನ್ಸರ್ ಇಲ್ಲ ಕದಾ. ಅದು ನಡುಮನೇಲಿ ಮಲಗ್ಲಿ.”

ಸೊಸೆಗೆ ಬಾಯಿ ಇದೆಯೆಂದು ಗಂಗರತ್ನಮ್ಮನಿಗೆ ಗೊತ್ತಾದದ್ದು ಅವತ್ತು.

ಐದನೇ ದಿನ ಹುಳುಗಳು ಮೇವು ಬಿಟ್ಟು ಹಣ್ಣಾದವು. ಅತ್ತೆ ಸೊಸೆ ಸೇರಿ ಅವುಗಳನ್ನು ಗೂಡು ಕಟ್ಟುವ ಬಿದಿರು ತಟ್ಟೆಗೆ, ಚಂದ್ರಿಕೆಗೆ ಬಿಟ್ಟರು. ಅವು ಗೂಡು ಕಟ್ಟುವಷ್ಟರಲ್ಲಿ ಇವರು ಮನೆ ಕಟ್ಟಿದ ಹಾಗೇ ಆಯಿತು. ಹಿಂದಿನ ಕೋಣೆಗೆ ಸುಣ್ಣ ಬಿತ್ತು. ಹುಳುಗಳ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಹುಳುಮನೆಗೆ ಹಾಕುವ ಹಸಿರು ಬಲೆಯನ್ನೇ ಅಳತೆಗೆ ಕತ್ತರಿಸಿ ಕೋಣೆಯ ಕಿಟಕಿಗೆ ಹೊಡೆದರು. ಹೊಸಿಲ ಮುಂದೆ ಕಾಲು ತುಳಿಯಲು ಬ್ಲೀಚಿಂಗ್ ನೀರಿನ ತಟ್ಟೆ, ಪಕ್ಕದಲ್ಲಿ ಬಕೆಟ್ಟು, ಸೋಪು. ಕೋಳಿಗಳನ್ನು ಹಿತ್ತಲ ಆಚೆಗೆ ಅಟ್ಟಿದರು. ದೊಡ್ಡಮುನಿಯಪ್ಪನ ಬೀಡಿಯನ್ನು ಹೊಂಗೆ ಮರದ ಕೆಳಕ್ಕೆ ಅಟ್ಟಿದರು. ಕೋಳಿಗಳಿಗಿಂತ ಅವನು ಹೆಚ್ಚು ಗಲಾಟೆ ಮಾಡಿದ. ಆದರೆ ಅವನೇ ಒಂದು ದಿನ ಯಾರಿಗೂ ಹೇಳದೆ ಹೋಗಿ, ಬಚ್ಚಲಿಗೆ ಇಡಲು ಕಾಲಿರುವ ಕಮೋಡು ಕುರ್ಚಿಯನ್ನು ತಲೆ ಮೇಲೆ ಹೊತ್ತು ಬಸ್ಸಿನಿಂದ ಇಳಿದ. ಊರಿನವರು ಕೇಳಿದ್ದಕ್ಕೆಲ್ಲ, “ಸಿಂಹಾಸನ” ಎಂದು ಉತ್ತರ ಕೊಟ್ಟುಕೊಂಡು ಬಂದ.

ಹಲ್ಲಿನ ಡಾಕ್ಟರ ಹತ್ತಿರ ಗಂಗರತ್ನಮ್ಮನ ಮಾನ ಹೋಯಿತು. ಮುಳಬಾಗಿಲಿನ ಆ ಡಾಕ್ಟರು ಬಾಯೊಳಗೆ ಲೈಟು ಬಿಟ್ಟು, “ಏನಮ್ಮಾ ಇದು, ಹೊಗೆಸೊಪ್ಪಿನ ಮಂಡಿನಾ?” ಎಂದರು. ಎರಡು ದವಡೆ ಹಲ್ಲು ಹುಳುಕಾಗಿದ್ದವು. ಡ್ರಿಪ್ಪು ಶುರುವಾದ ಮೇಲೆ ಹಲ್ಲು ಕೀಳಲು ಆಗುವುದಿಲ್ಲ, ಬಾಯೆಲ್ಲ ಹುಣ್ಣಾಗಬಹುದು, ಈಗಲೇ ತೆಗೆದುಬಿಡೋಣ ಎಂದು ಎರಡನ್ನೂ ಕಿತ್ತರು. ಕಡ್ಡಿಪುಡಿ ಇವತ್ತಿಗೇ ಕೊನೆ ಎಂದರು.

ಹುಳುಮನೆಗೆ ಹೋಗುವ ಮುಂಚೆ ಅವಳು ಸದಾ ಬಾಯಿ ಮುಕ್ಕಳಿಸಿ, ಕೈಗೆ ಎರಡು ಸಲ ಸೋಪು ಹಾಕುತ್ತಿದ್ದಳು. ಹೊಗೆಸೊಪ್ಪಿನ ಗಾಳಿ ತಾಗಿದರೂ ಹುಳ ಸಾಯುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನೇ ತಾನು ಮೂವತ್ತು ವರ್ಷ ಜಗಿದದ್ದು ಯಾಕೆಂದು ದಾರಿಯುದ್ದಕ್ಕೂ ಯೋಚಿಸಿದಳು. ಮನೆಗೆ ಬಂದು ಸೊಂಟದ ಕಡ್ಡಿಪುಡಿ ಚೀಲ ಬಿಚ್ಚಿ ಮೌನಿಕಾಳ ಕೈಗೆ ಕೊಟ್ಟಳು. ಕೆನ್ನೆ ಊದಿದ್ದರಿಂದ ಬೈಗುಳ ಮಾತ್ರ ಸ್ಪಷ್ಟವಾಗಿ ಬರಲಿಲ್ಲ.

ಒಂಬತ್ತನೇ ದಿನ ಶ್ರೀನಿವಾಸಪುರದಿಂದ ಶಾಮಲಮ್ಮ ಬಂದಳು. ಅವಳು ದೊಡ್ಡಮುನಿಯಪ್ಪನ ಅಕ್ಕ. ಯಾರ ಮನೆಯಲ್ಲಿ ಕಾಯಿಲೆಯೆಂದರೂ ಮೊದಲ ಬಸ್ಸಿಗೇ ಹೊರಡುವವಳು. ಬೇಲಿಯ ಹತ್ತಿರವೇ ಸೆರಗು ಬಾಯಿಗೆ ತುರುಕಿ, “ಅಯ್ಯೋ ರತ್ನಾ, ನಿನ್ನ ಹಣೇಲಿ ಇಂಥದ್ದು ಬರೆದಿತ್ತೇ!” ಎಂದು ಶುರು ಮಾಡಿದಳು. ಆ ಸದ್ದಿಗೆ ಅಕ್ಕಪಕ್ಕದ ಮನೆಯವರು ಹೊರಗೆ ಬಂದು, ಏನೋ ಆಗೇ ಹೋಯಿತೆಂದುಕೊಂಡರು. ಗಂಗರತ್ನಮ್ಮ ಜಗಲಿಯ ಮೇಲೆ ಗೂಡು ಬಿಡಿಸುತ್ತಾ ಕೂತಿದ್ದಳು.

“ಅತ್ತಿಗೆ, ಇನ್ನೂ ಇದೀನಿ. ಸ್ವಲ್ಪ ಮೆಲ್ಲಗೆ ಅಳಿ.”

ಶಾಮಲಮ್ಮ ಹೊಸಿಲ ಹತ್ತಿರ ಬಂದಾಗ ಮೌನಿಕಾ ಅಡ್ಡ ನಿಂತಳು. “ದೊಡ್ಡತ್ತೆ, ಕಾಲು ಈ ನೀರಲ್ಲಿ ಇಡಿ. ಕೈಗೆ ಸೋಪು. ಮಾಸ್ಕ್ ಇಲ್ಲಿದೆ.”

“ನಾನು ಹುಟ್ಟಿದ ಮನೇಗೆ ನಾನು ಬರೋಕೆ ಸೋಪಾ?” ಎಂದು ಶಾಮಲಮ್ಮ ತಮ್ಮನ ಕಡೆ ನೋಡಿದಳು. ತಮ್ಮ ಹೊಂಗೆ ಮರದ ಕಡೆ ನೋಡಿದ. ಗತಿಯಿಲ್ಲದೆ ಅವಳು ಕಾಲು ತೊಳೆದು ಮಾಸ್ಕ್ ಹಾಕಿಕೊಂಡಳು. ಒಳಗೆ ಬಂದು ಚೀಲ ಬಿಚ್ಚಿದರೆ ಯಾವುದೋ ಬೇರು, ಯಾವುದೋ ಎಲೆ, ಒಂದು ಬಾಟಲಿ ಗೋಮೂತ್ರ. ಡ್ರಿಪ್ಪು ಹಾಕಿಸಿಕೊಂಡವರು ಯಾರೂ ಉಳಿದಿಲ್ಲವೆಂದೂ, ಶ್ರೀನಿವಾಸಪುರದ ಹತ್ತಿರ ಒಬ್ಬ ಈ ಬೇರಿನಲ್ಲೇ ಎಷ್ಟೋ ಜನಕ್ಕೆ ವಾಸಿ ಮಾಡಿದ್ದಾನೆಂದೂ ಹೇಳಿದಳು.

“ವಾಸಿಯಾದೋರು ಯಾರಾದ್ರೂ ನಿಮಗೆ ಗೊತ್ತಾ?” ಎಂದು ಮೌನಿಕಾ ಕೇಳಿದಳು.

“ಎಲ್ಲರೂ ಹೇಳ್ತಾರೆ.”

“ಹೇಳೋರು ಬೇಡ ದೊಡ್ಡತ್ತೆ, ವಾಸಿಯಾದೋರು.”

ಶಾಮಲಮ್ಮ ಎರಡು ಸಲ ಕೆಮ್ಮಿದಳು. ಮೌನಿಕಾ ಕಾಫಿ ತಂದಳು. ಶಾಮಲಮ್ಮ ಲೋಟ ಮುಟ್ಟಲಿಲ್ಲ. ಈಗ ಕುಡಿಯಲ್ಲವೆಂದು, ಚೀಲದಿಂದ ತನ್ನದೇ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದಳು. ಗಂಗರತ್ನಮ್ಮ ಅದನ್ನು ನೋಡಿದಳು. ನಲವತ್ತು ವರ್ಷದಲ್ಲಿ ಈ ಮನೆಯ ಕಾಫಿಯನ್ನು ಶಾಮಲಮ್ಮ ಬೇಡವೆಂದದ್ದು ಇದೇ ಮೊದಲು.

“ಅಂಟಲ್ಲ ಅತ್ತಿಗೆ” ಎಂದಳು. “ಅಂಟೋದಾಗಿದ್ರೆ ನಿಮ್ಮ ತಮ್ಮನಿಗೆ ಮೊದಲು ಅಂಟಿಸ್ತಿದ್ದೆ.”

ಶಾಮಲಮ್ಮನ ಮುಖ ಕೆಂಪಾಯಿತು. ಮಾತು ಮರೆಸಲು ಕೂದಲಿನ ವಿಷಯ ಎತ್ತಿದಳು. ಕೂದಲೆಲ್ಲ ಉದುರುತ್ತದಂತಲ್ಲ, ಮುತ್ತೈದೆಗೆ ಎಂಥ ಗತಿ ಎಂದಳು.

“ಉದುರೋ ಮುಂಚೆ ಚಿಕ್ಕತಿರುಪತಿಲಿ ಮುಡಿ ಕೊಟ್ಟುಬಿಡ್ತೀನಿ.”

“ಹೆಂಗೂ ಉದುರೋದನ್ನ ದೇವರಿಗೆ ಕೊಡ್ತೀಯಾ? ಮೋಸ ಅಲ್ವಾ?”

“ಬಚ್ಚಲಲ್ಲಿ ಕಟ್ಕೊಳ್ಳೋದಕ್ಕಿಂತ ಅವನ ಹುಂಡಿಗೆ ಹೋಗ್ಲಿ. ಎರಡು ವಾರ ಮುಂಚೆ ಕೊಡ್ತಿದೀನಿ, ಗಟ್ಟಿ ಕೂದ್ಲು. ಅವನೇನು ಗ್ಯಾರಂಟಿ ಕಾರ್ಡ್ ಕೇಳ್ತಾನಾ?”

ಅಷ್ಟರಲ್ಲಿ ಶಾಮಲಮ್ಮ ಮೂರನೇ ಸಲ ಕೆಮ್ಮಿದಳು. ಕೆಮ್ಮಲು ಮಾಸ್ಕನ್ನು ಕೆಳಗೆ ಎಳೆದುಕೊಂಡಿದ್ದಳು. ಮೌನಿಕಾ ಚೀಲದ ಬಾಯಿ ಕಟ್ಟಿ, ಬೇರು, ಎಲೆ, ಬಾಟಲಿ ಸಮೇತ ಜಗಲಿಯ ಮೇಲಿಟ್ಟಳು. “ನಾಲ್ಕು ಗಂಟೆ ಬಸ್ಸಿದೆ ದೊಡ್ಡತ್ತೆ. ಕೆಮ್ಮು ವಾಸಿಯಾದ ಮೇಲೆ ಬನ್ನಿ. ಮಾವ ಬಿಟ್ಟು ಬರ್ತಾರೆ.” ದನಿ ಏರಿರಲಿಲ್ಲ. ಹುಳುಗಳ ಹತ್ತಿರ ಮಾತಾಡುವ ದನಿಯೇ.

ಗೇಟಿನಾಚೆ ಶಾಮಲಮ್ಮನ ಬೆನ್ನು ಮರೆಯಾದ ಮೇಲೆ ಗಂಗರತ್ನಮ್ಮ, “ಊಜಿ ನೊಣ” ಎಂದಳು. ಮೌನಿಕಾ ಅತ್ತೆಯ ಎದುರಿಗೇ ಜೋರಾಗಿ ನಕ್ಕಳು. ಆ ಸಂಜೆ ಗೂಡು ಬಿಡಿಸಿ ಮುಗಿಸುವವರೆಗೂ ಇಬ್ಬರೂ ಶಾಮಲಮ್ಮನನ್ನೇ ಆಡಿಕೊಂಡರು. ಎರಡು ವರ್ಷದಲ್ಲಿ ಅವರಿಬ್ಬರೂ ಅಷ್ಟೊತ್ತು ಕೂತು ಮಾತಾಡಿದ್ದು ಅದೇ ಮೊದಲು.

ಮಾತಿನ ನಡುವೆ ಮೌನಿಕಾ ಸಣ್ಣಗೆ ಕೇಳಿದಳು. “ಅತ್ತಮ್ಮಾ, ಆಪರೇಷನ್ನಲ್ಲಿ ಪೂರ್ತಿ ತೆಗೀತಾರಂತಾ?”

“ತೆಗೀಲಿ ಬಿಡು. ಅನಿಲ ಹಾಲು ಬಿಟ್ಟ ಮೇಲೆ ಅದಕ್ಕೆ ಒಂದು ಕೆಲಸ ಇರ್ಲಿಲ್ಲ. ಮೂವತ್ತು ವರ್ಷ ಸುಮ್ನೆ ಕೂತು ತಿಂದು, ಈಗ ತಕರಾರು ತೆಗೆದಿದೆ” ಎಂದು ಗಂಗರತ್ನಮ್ಮ ಕೈಯಲ್ಲಿದ್ದ ಗೂಡನ್ನು ಬುಟ್ಟಿಗೆ ಎಸೆದಳು. ಅದು ಬುಟ್ಟಿಗೆ ಬೀಳದೆ ಅಂಗಳಕ್ಕೆ ಉರುಳಿತು. ಮೌನಿಕಾ ಎದ್ದು ಹೋಗಿ ತಂದಳು.

ಡ್ರಿಪ್ಪಿಗೆ ಎರಡು ದಿನ ಮುಂಚೆ ಚಿಕ್ಕತಿರುಪತಿಗೆ ಹೋದರು. ಅನಿಲ್‌ಕುಮಾರ್ ಕೆಲಸಕ್ಕೆ ರಜೆ ಹಾಕಿ ಮಾಲೂರಿನಲ್ಲಿ ಸೇರಿಕೊಂಡ. ಮುಡಿ ತೆಗೆಯುವವನು ಉದ್ದನೆಯ ಜಡೆಯನ್ನು ಕೈಯಲ್ಲಿ ತೂಗಿ ನೋಡಿ, “ಏನು ಹರಕೆ ತಾಯಿ?” ಎಂದ.

“ಹರಕೆ ಇಲ್ಲಪ್ಪ. ಮನೆ ಖಾಲಿ ಮಾಡ್ತಿದೀನಿ, ಸಾಮಾನು ಇಳಿಸ್ತಿದೀನಿ.”

ಅವನಿಗೆ ಅರ್ಥವಾಗಲಿಲ್ಲ. ನೀರು ಚಿಮುಕಿಸಿ ಕತ್ತಿ ಹಿಡಿದ. “ಯಜಮಾನ್ರೂ ಕೊಡ್ತಾರಾ?”

“ಅವನ ಹತ್ರ ಕೊಡೋಕೆ ಏನಿದೆ, ನೋಡು” ಎಂದಳು. ದೊಡ್ಡಮುನಿಯಪ್ಪ ತನ್ನ ಬೋಳು ತಲೆಯನ್ನು ಸವರಿಕೊಂಡ. ಸುತ್ತ ಕೂತವರು ನಕ್ಕರು.

ಕೂದಲಿನ ಮೊದಲ ಗೊಂಚಲು ಮಡಿಲಿಗೆ ಬೀಳುವವರೆಗೂ ಅವಳು ಮಾತಾಡುತ್ತಲೇ ಇದ್ದಳು. ಆಮೇಲೆ ಮಾತು ನಿಂತಿತು. ಕತ್ತಿ ಹಿಂದಿನಿಂದ ಮುಂದಕ್ಕೆ ಬಂತು, ಕಿವಿಯ ಹಿಂದೆ ತಣ್ಣಗಾಯಿತು. ಎದ್ದು ಹೊರಗೆ ಬಂದಾಗ ಬಿಸಿಲಿತ್ತು, ಗಾಳಿಯಿತ್ತು. ತಲೆಗೆ ಗಾಳಿ ಸೋಕಿದ್ದೇ ಅವಳ ಕೈ ತಾನಾಗೇ ಜಡೆ ಇದ್ದ ಜಾಗಕ್ಕೆ ಹೋಯಿತು. ಗೋಡೆ ಹಿಡಿದು ನಿಂತಳು.

“ಭಯ ಆಗ್ತಿದೆ ಕಣಯ್ಯಾ” ಎಂದಳು, ಗಂಡನಿಗೆ ಮಾತ್ರ ಕೇಳುವಂತೆ.

ದೊಡ್ಡಮುನಿಯಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವಳ ತಲೆಗೆ ಸುತ್ತಿದ. ಸುತ್ತಲು ಬಾರದೆ ಒಂದು ತುದಿ ಅವಳ ಮೂಗಿನ ಮೇಲೆ ಬಂತು. ಅದನ್ನು ಸರಿಮಾಡಿ, ಅಷ್ಟು ಜನರ ನಡುವೆ ಅವಳ ತಲೆಯ ಮೇಲೆ ಕೈ ಇಟ್ಟುಕೊಂಡೇ ನಿಂತ. “ನನಗೂ ಆಗ್ತಿದೆ” ಎಂದ. ಆ ಟವೆಲ್ಲಿನಲ್ಲಿ ಬೀಡಿ ವಾಸನೆಯಿತ್ತು. ಅವಳು ಅದನ್ನೇ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

ಮೊದಲ ಡ್ರಿಪ್ಪು ಸುಮ್ಮನೆ ಮಲಗಿದ್ದಾಗಲೇ ಮುಗಿದುಹೋಯಿತು. ಇಷ್ಟಕ್ಕಾ ಇಷ್ಟು ರಂಪ ಎಂದುಕೊಂಡೇ ಮನೆಗೆ ಬಂದಳು. ಮೂರನೇ ದಿನ ಗೊತ್ತಾಯಿತು. ಹೊಟ್ಟೆ ತೊಳಸಿತು, ಕಾಲಿನ ಮೂಳೆಯೆಲ್ಲ ನೋವು, ನೀರು ಕುಡಿದರೂ ತಗಡು ನೆಕ್ಕಿದ ಹಾಗೆ. ಮೌನಿಕಾ ಎರಡು ಗಂಟೆಗೊಮ್ಮೆ ಗಂಜಿ ತಂದಳು. ಸುನಂದ ಹೇಳಿದಂತೆ ಬಚ್ಚಲಿಗೆ ಎರಡೆರಡು ಸಲ ನೀರು ಹಾಕಿದಳು, ಬಟ್ಟೆಗಳನ್ನು ಬೇರೆ ಒಗೆದಳು. ‘ಸಿಂಹಾಸನ’ಕ್ಕೆ ದೊಡ್ಡಮುನಿಯಪ್ಪನೇ ಕೈ ಹಿಡಿದು ಕರೆದೊಯ್ಯುತ್ತಿದ್ದ. ಏಳನೇ ದಿನಕ್ಕೆ ಅವಳು ಎದ್ದು ಕೂತು ಬೈಯತೊಡಗಿದಳು, ಮನೆಯವರಿಗೆ ಜೀವ ಬಂತು.

ಹತ್ತನೇ ದಿನ, ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ ಮೌನಿಕಾ ಥರ್ಮಾಮೀಟರು ಇಟ್ಟರೆ ನೂರಾ ಒಂದು ತೋರಿಸಿತು. ಎರಡನೇ ಸಲವೂ ಅಷ್ಟೇ. ಅವಳು ಬಾಗಿಲ ಹಿಂದಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಈಗ ರಾಹುಕಾಲ ಶುರುವಾಯ್ತು. ಹನ್ನೆರಡಕ್ಕೆ ಹೊರಟ್ರೆ ಆಗಲ್ವಾ?” ಎಂದು ದೊಡ್ಡಮುನಿಯಪ್ಪ ತಡವರಿಸಿದ.

“ಜ್ವರ ರಾಹುಕಾಲ ಕೇಳ್ಕೊಂಡು ಬಂತಾ ಮಾವಾ?”

ಕೋಣೆಯೊಳಗಿಂದ ಗಂಗರತ್ನಮ್ಮ ಕ್ಷೀಣವಾಗಿ ಕೂಗಿದಳು. “ಅವನನ್ನ ಇಲ್ಲೇ ಬಿಟ್ಟು ಬಾರೇ. ರಾಹು ಜೊತೆ ಬರ್ಲಿ.”

ಪಕ್ಕದ ಮನೆಯ ಕದಿರೇಶನ ಪಿಕಪ್ ಗಾಡಿ ಟೊಮೆಟೊ ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟಿತ್ತು. ಇಳಿಸಲು ಹೊತ್ತಿರಲಿಲ್ಲ. ಅತ್ತೆ ಸೊಸೆ ಮುಂದಿನ ಸೀಟಿನಲ್ಲಿ ಮಾಸ್ಕ್ ಹಾಕಿ ಕೂತರು. ದೊಡ್ಡಮುನಿಯಪ್ಪ ಹಿಂದೆ ಕ್ರೇಟುಗಳ ಮೇಲೆ ಹತ್ತಿದ. ಕೋಲಾರದವರೆಗೂ ಕದಿರೇಶ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ, ಹಂಪುಗಳನ್ನು ಲೆಕ್ಕಕ್ಕೆ ಇಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಓಡಿ ಬಂದ ಸುನಂದ, ಪಂಚೆಯೆಲ್ಲ ಕೆಂಪಾಗಿದ್ದ ದೊಡ್ಡಮುನಿಯಪ್ಪನನ್ನು ನೋಡಿ, “ಸ್ಟ್ರೆಚರ್ ತನ್ನಿ, ಇವರಿಗೆ ರಕ್ತ ಹೋಗ್ತಿದೆ!” ಎಂದು ಕೂಗಿದಳು. ಅವನು ಬೇಡ ಬೇಡವೆಂದರೂ ಇಬ್ಬರು ಹಿಡಿದು ಮಲಗಿಸಿಯೇಬಿಟ್ಟರು.

“ಅವನನ್ನ ಬಿಡ್ರಮ್ಮ, ಅದು ಟೊಮೆಟೊ. ರೋಗಿ ನಾನು” ಎಂದು ಗಂಗರತ್ನಮ್ಮ ಹೇಳಬೇಕಾಯಿತು.

ರಕ್ತದಲ್ಲಿ ಬಿಳಿ ಕಣಗಳು ತೀರ ಇಳಿದಿದ್ದವು. ಐದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮದ್ದು ಕೊಟ್ಟರು. ಇನ್ನೂ ತಡಮಾಡಿದ್ದರೆ ಪ್ರಾಣಕ್ಕೆ ಬರುತ್ತಿತ್ತು ಎಂದು ಡಾಕ್ಟರು ಮೌನಿಕಾಳಿಗೆ ಹೇಳಿದರು. ಮೌನಿಕಾ ಆಗ ಅತ್ತಳು. ಕಾರಿಡಾರಿನ ತುದಿಗೆ ಹೋಗಿ, ಗೋಡೆಗೆ ತಿರುಗಿ, ತೆಲುಗಿನಲ್ಲಿ ತನ್ನಮ್ಮನಿಗೆ ಫೋನು ಮಾಡಿ ಅತ್ತಳು. ಮಂಚದ ಮೇಲಿದ್ದ ಗಂಗರತ್ನಮ್ಮನಿಗೆ ಅಷ್ಟೂ ಕೇಳಿಸಿತು. ಅವಳಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಕೇಳಿಸಿತೆಂದು ಯಾವತ್ತೂ ತೋರಿಸಿಕೊಳ್ಳಲಿಲ್ಲ. ಊರಿಗೆ ವಾಪಸಾದ ದಿನ ಹುಳುಮನೆಯ ಬೀಗದ ಕೈಯನ್ನು ಸೊಸೆಗೆ ಕೊಟ್ಟಳು. “ಮುಂದಿನ ಬೆಳೆ ನೀನೇ ಮಾಡು. ತೆಲುಗಲ್ಲೇ ಮಾತಾಡು, ಪರವಾಗಿಲ್ಲ.”

ಎರಡನೇ ಡ್ರಿಪ್ಪಿನಿಂದ ಡಾಕ್ಟರು ಮದ್ದಿನ ಜೊತೆಗೆ ಬಿಳಿ ಕಣಕ್ಕೆಂದು ಒಂದು ಇಂಜೆಕ್ಷನ್ ಸೇರಿಸಿದರು. ಮತ್ತೆ ಅಂಥ ಜ್ವರ ಬರಲಿಲ್ಲ. ನಾಲ್ಕು ಮುಗಿಯುವಷ್ಟರಲ್ಲಿ ಗಂಟು ಹುಣಸೆ ಬೀಜದಷ್ಟಾಗಿತ್ತು. ಆಪರೇಷನ್ ಆಯಿತು. ತೆಗೆದ ಭಾಗದ ಅಂಚಿನಲ್ಲಿ ಕಾಯಿಲೆ ಉಳಿದಿಲ್ಲವೆಂದು ವರದಿ ಬಂತು. ಉಳಿದ ಮದ್ದೂ ಮುಗಿಯಿತು. ಐದು ವರ್ಷ ಮಾತ್ರೆ ನುಂಗಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಇನ್ನು ಬರುವುದೇ ಇಲ್ಲವೆಂದು ಯಾರೂ ಬರೆದುಕೊಡುವುದಿಲ್ಲ ಎಂದರು ಡಾಕ್ಟರು.

“ಬರೆದುಕೊಟ್ರೂ ನಂಬಲ್ಲ ಬಿಡಿ ಸ್ವಾಮಿ. ನಿಮ್ಮ ಕೈಬರಹ ಯಾರು ಓದ್ತಾರೆ” ಎಂದಳು ಗಂಗರತ್ನಮ್ಮ.

ತಲೆಯ ಮೇಲೆ ಮೊಳಕೆಯೊಡೆದ ರಾಗಿ ಪೈರಿನ ಹಾಗೆ ಕೂದಲು ಬಂದಿತ್ತು. ಒಂದು ಮಧ್ಯಾಹ್ನ ಮೌನಿಕಾ ಮುದ್ದೆ, ಹುರುಳಿ ಬಸ್ಸಾರು ಬಡಿಸಿದಳು. ಇಷ್ಟು ತಿಂಗಳೂ ಗಂಗರತ್ನಮ್ಮನ ನಾಲಿಗೆಗೆ ಯಾವ ರುಚಿಯೂ ಹತ್ತಿರಲಿಲ್ಲ. ಸೊಸೆ ಏನು ಹಾಕಿದರೂ ಸಪ್ಪೆ ಎನ್ನಿಸಿದಾಗಲೆಲ್ಲ ಡ್ರಿಪ್ಪನ್ನು ಬೈದುಕೊಂಡು ನುಂಗಿದ್ದಳು. ಅವತ್ತು ಮುದ್ದೆಯ ಮೊದಲ ತುತ್ತು ಬಾಯಿಗೆ ಹೋದಾಗ ರಾಗಿಯ ವಾಸನೆ ಬಂತು. ತಟ್ಟೆಯ ಅಂಚಿನಲ್ಲಿದ್ದ ಈರುಳ್ಳಿ ಬೇರೆಯಾಗಿ ತಿಳಿಯಿತು. ಉಪ್ಪಿನಕಾಯಿ ನಾಲಿಗೆಯನ್ನು ಚುರ್ ಎನಿಸಿತು.

ಆಮೇಲೆ ಬಸ್ಸಾರಿಗೆ ಅದ್ದಿದಳು. ಇನ್ನೊಂದು ಸಲ ಅದ್ದಿ ನೋಡಿದಳು. ಸಪ್ಪೆ. ಪಕ್ಕದಲ್ಲಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದ ಗಂಡನ ಕಡೆ ತಿರುಗಿ ಪಿಸುಗುಟ್ಟಿದಳು.

“ಏನಯ್ಯಾ, ಇದು ಇಷ್ಟು ದಿನವೂ ಹಿಂಗೇ ಇತ್ತಾ?”

ದೊಡ್ಡಮುನಿಯಪ್ಪ ಅಡುಗೆಮನೆಯ ಕಡೆ ಒಂದು ಸಲ ನೋಡಿ, ಹೌದೆಂದು ತಲೆಯಾಡಿಸಿದ.

“ಮತ್ತೆ ನೀನ್ಯಾಕೆ ಬಾಯಿ ಬಿಡ್ಲಿಲ್ಲ?”

“ನನಗೂ ಜೀವದ ಮೇಲೆ ಆಸೆ ಇದೆ” ಎಂದು ಅವನು ಉಪ್ಪಿನ ಡಬ್ಬಿಯನ್ನು ಸದ್ದಾಗದಂತೆ ಅವಳ ಕಡೆ ಸರಿಸಿದ.